ತಮ್ಮನ ಪರ ಮಾತಾಡುವುದು ಅಂದರೆ ಅವನ ಮಾತು ಹೇಳುವುದಾ, ನನ್ನ ಮಾತಾ?

ಹೇಮಾವತಿ_ದಂಡೆ:
ನನ್ನ ತಮ್ಮನಿಗೆ 24 ವರ್ಷ. ಬೌದ್ಧಿಕ ಅಂಗವೈಕಲ್ಯ ಇದೆ, ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಆಗಿದೆ. ಅಪ್ಪ ಅಮ್ಮ ಇಲ್ಲ. ಪಿಂಚಣಿ, ರೇಷನ್, ಬ್ಯಾಂಕು ಅಂತ ಅವನ ಪರ ಓಡಾಡುವುದು ನಾನೇ. ಈಗ ಅಣ್ಣ ಜಮೀನು ಭಾಗ ಮಾಡೋಣ, ಅವನಿಗೇನು ಗೊತ್ತಾಗುತ್ತೆ, ಗಾರ್ಡಿಯನ್ ಅಂತ ನೀನೇ ಸಹಿ ಹಾಕು ಅನ್ನುತ್ತಿದ್ದಾನೆ. ತಮ್ಮನನ್ನು ಕೇಳಿದರೆ ಊರು ಬಿಡಲ್ಲ, ದನ ನೋಡಿಕೊಂಡು ಇಲ್ಲೇ ಇರುತ್ತೇನೆ ಅನ್ನುತ್ತಾನೆ. ನನಗೋ ಅವನ ಪಾಲು ಮಾರಿ, ದುಡ್ಡು ಅವನ ಹೆಸರಲ್ಲೇ ಠೇವಣಿ ಇಟ್ಟು, ಮೈಸೂರಿಗೆ ಕರೆಸಿಕೊಂಡು ಏನಾದರೂ ತರಬೇತಿಗೆ ಸೇರಿಸುವುದು ಒಳ್ಳೆಯದು ಅನಿಸುತ್ತದೆ. ನಾನು ಯಾವುದರ ಪರ ವಾದ ಮಾಡಲಿ?

ಪಹಣಿ_ಪ್ರಿಯ:
ಮೊದಲು ಸಹಿ ಹಾಕಬೇಡಿ. 18 ದಾಟಿದವರಿಗೆ ಅಕ್ಕ ಅನ್ನುವ ಕಾರಣಕ್ಕೇ ಯಾರೂ ಗಾರ್ಡಿಯನ್ ಆಗುವುದಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಪ್ರಕಾರ ಜಿಲ್ಲಾ ಮಟ್ಟದ ಸಮಿತಿಗೆ ಅರ್ಜಿ ಹಾಕಬೇಕು, ಅದರಲ್ಲಿ ಡಿಸಿ ಇರುತ್ತಾರೆ. ನೇಮಕ ಆದ ಮೇಲೆ 6 ತಿಂಗಳೊಳಗೆ ಅವನ ಆಸ್ತಿಯ ಪಟ್ಟಿ ಕೊಡಬೇಕು, ಆಮೇಲೆ ವರ್ಷವರ್ಷ ಲೆಕ್ಕ. ಇನ್ನೊಂದು ವಿಷಯ, ಬೇಜಾರಾಗಬೇಡಿ. ಅದೇ ಜಮೀನಿನಲ್ಲಿ ನಿಮಗೂ ಪಾಲಿದೆ ಅಲ್ವಾ? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 13ನೇ ಸೆಕ್ಷನ್ ಓದಿ. ಆಸ್ತಿ ವ್ಯವಹಾರದಲ್ಲಿ ಬೆಂಬಲ ಕೊಡುವವರ ಲಾಭಕ್ಕೂ ಅಂಗವಿಕಲರ ಲಾಭಕ್ಕೂ ತಾಕಲಾಟ ಬಂದರೆ ಬೆಂಬಲಿಗರು ಆ ವ್ಯವಹಾರದಿಂದ ದೂರ ಇರಬೇಕು ಅಂತಿದೆ. ನಿಮ್ಮ ಮನಸ್ಸು ಎಷ್ಟೇ ಒಳ್ಳೆಯದಿರಲಿ, ಈ ಭಾಗದ ವಿಷಯದಲ್ಲಿ ನೀವೂ ಒಂದು ಪಾರ್ಟಿ.

ಗಾಲಿ_ಕುರ್ಚಿ:
ನನಗೆ ನಡೆಯಲು ಆಗಲ್ಲ ಅಷ್ಟೇ, ಆದರೂ ಹೋಟೆಲಿನಲ್ಲಿ 'ಇವರಿಗೇನು ಬೇಕು' ಅಂತ ನನ್ನ ಹೆಂಡತಿಯನ್ನೇ ಕೇಳುತ್ತಾರೆ. ನಿಮ್ಮ ತಮ್ಮನ ಪಾಡು ಕೇಳುವುದೇ ಬೇಡ. ದನ ನೋಡಿಕೊಂಡು ಊರಲ್ಲೇ ಇರುತ್ತೇನೆ ಅಂತ ಅವನು ಸ್ಪಷ್ಟವಾಗಿ ಹೇಳಿದ್ದಾನಲ್ಲ. ಡೈರಿಗೆ ಹಾಲು ಹಾಕುವ ಬೇರೆಯವರನ್ನು ಯಾರಾದರೂ ಮೈಸೂರಿಗೆ ತರಬೇತಿಗೆ ಕಳಿಸುತ್ತಾರಾ?

ಮಗಳ_ಅಮ್ಮ:
ಅಷ್ಟು ಸುಲಭ ಅಲ್ಲ ಸ್ವಾಮಿ. ನನ್ನ ಮಗಳಿಗೆ ಫಿಟ್ಸ್ ಬರುತ್ತದೆ, ಮಾತ್ರೆ ಬೇಡ ಅನ್ನುತ್ತಾಳೆ, ಅದಕ್ಕೂ ಹೂಂ ಅನ್ನಲಾ? ಆದರೆ ಡಾಕ್ಟರ ಮುಂದೆ ಎರಡೂ ಹೇಳುತ್ತೇನೆ. ಮಾತ್ರೆ ತಗೊಂಡರೆ ದಿನವೆಲ್ಲಾ ತೂಕಡಿಕೆ ಅಂತ ಇವಳು ಹೇಳುತ್ತಾಳೆ, ನಿಲ್ಲಿಸಲು ಭಯ ಅಂತ ನಾನು ಹೇಳುತ್ತೇನೆ. ಯಾವುದು ಅವಳದು, ಯಾವುದು ನನ್ನದು ಅಂತ ಬೇರೆ ಮಾಡಿ ಹೇಳಿದ ಮೇಲೇ ಡಾಕ್ಟರು ಡೋಸ್ ಬದಲಿಸಿದ್ದು. ನಿಮ್ಮ ತಮ್ಮ ಊರಲ್ಲಿದ್ದರೆ ಜ್ವರ ಬಂದಾಗ ನೋಡುವವರು ಯಾರು, ಹಾಲಿನ ದುಡ್ಡು ಯಾರ ಕೈಗೆ ಹೋಗುತ್ತೆ, ಅದನ್ನು ವಿಚಾರಿಸಿ. ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯೂ (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಇರುತ್ತಾರೆ, ಅವರೂ ಅಂಗವಿಕಲರೇ, ಮಾತಾಡಿಸಿ.

ಹೇಮಾವತಿ_ದಂಡೆ:
ಸಹಿ ಹಾಕಲ್ಲ ಅಂತ ಅಣ್ಣನಿಗೆ ಹೇಳಿದೆ, ಸಿಟ್ಟಾಗಿದ್ದಾನೆ. ಸಮಿತಿಯ ಮುಂದೆ ತಮ್ಮನೂ ಬರಬೇಕಾ?

ಪಹಣಿ_ಪ್ರಿಯ:
ಕರೆದುಕೊಂಡೇ ಹೋಗಿ. ಯುಡಿಐಡಿ ಕಾರ್ಡ್, ಪಹಣಿ ಜೊತೆಗಿರಲಿ. ಅವನನ್ನು ಏನಾದರೂ ಕೇಳಿದಾಗ ಉತ್ತರ ತಡವಾದರೂ ನೀವು ಬಾಯಿ ಹಾಕಬೇಡಿ.