ಕೇಕ್ ಮೇಲೆ ಬಿರುಕು, ಒಳಗೆ ಹಸಿ: ಮೊದಲು ಯಾವ ಸಾಮಾನು ತಗೊಳ್ಳಲಿ?

ಹೊಸ ಏಪ್ರನ್:
ಎಲ್ಲರಿಗೂ ನಮಸ್ಕಾರ. ಮೂರು ತಿಂಗಳಿಂದ ಮನೇಲಿ ಬೇಕಿಂಗ್ ಕಲೀತಿದೀನಿ. ನನ್ ಹತ್ರ ಇರೋದು ಒಂದು ಚಿಕ್ಕ ಓವನ್, ಒಂದು 8 ಇಂಚಿನ ಕಪ್ಪು ಟಿನ್, ಅಳತೆ ಕಪ್ ಸೆಟ್ಟು, ಒಂದು ವಿಸ್ಕ್, ಇಷ್ಟೇ. ತೊಂದ್ರೆ ಏನಂದ್ರೆ ಒಂದೇ ರೆಸಿಪಿ ಒಂದೇ ಕೈಲಿ ಮಾಡಿದ್ರೂ ಒಂದ್ಸಲ ಹತ್ತಿ ಥರ ಬರುತ್ತೆ, ಇನ್ನೊಂದ್ಸಲ ಇಟ್ಟಿಗೆ ಥರ ಬರುತ್ತೆ. ಮೇಲ್ಗಡೆ ಬೇಗ ಕಂದು ಬಣ್ಣಕ್ಕೆ ತಿರುಗಿ ಮಧ್ಯ ಗುಡ್ಡದ ಥರ ಎದ್ದು ಬಿರುಕು ಬಿಡುತ್ತೆ, ಆಯ್ತು ಅಂತ ಹೊರಗೆ ತೆಗೆದ್ರೆ ಹತ್ತು ನಿಮಿಷಕ್ಕೆ ಅದೇ ಮಧ್ಯ ಕುಸಿದು ಹಳ್ಳ ಆಗುತ್ತೆ, ಕಟ್ ಮಾಡಿದ್ರೆ ಒಳಗೆ ಅಂಟಂಟು. ರೆಸಿಪೀನೇ ಸರಿ ಇಲ್ವೇನೋ ಅಂತ ನಾಲ್ಕು ರೆಸಿಪಿ ಬದಲಾಯಿಸಿ ನೋಡಿದೆ, ಎಲ್ಲಾದ್ರಲ್ಲೂ ಇದೇ ಕಥೆ.

ಈಗ ಸ್ವಲ್ಪ ದುಡ್ಡು ಕೂಡಿಟ್ಟಿದೀನಿ. ಸ್ಟ್ಯಾಂಡ್ ಮಿಕ್ಸರ್ ತಗೊಂಡ್ರೆ ಸರಿ ಹೋಗುತ್ತಾ ಅಥವಾ ಬೇರೆ ಏನಾದ್ರೂ ತಗೋಬೇಕಾ? ಇನ್ನೊಂದು ವಿಷ್ಯ, ವಾರದ ದಿನಗಳಲ್ಲಿ ಕೆಲ್ಸ ಮುಗಿಸಿ ಬಂದ್ಮೇಲೆ ಅರ್ಧ ಗಂಟೇಲಿ ಊಟ ರೆಡಿ ಆಗ್ಬೇಕು, ಅದಕ್ಕೂ ಉಪಯೋಗ ಆಗೋ ಸಾಮಾನಿದ್ರೆ ಹೇಳಿ, ಅಡುಗೆಮನೆ ತುಂಬಾ ಚಿಕ್ಕದು, ಒಂದೊಂದು ಸಾಮಾನಿಗೂ ಜಾಗ ಹುಡುಕ್ಬೇಕು.

ತಕ್ಕಡಿ:
ಮಿಕ್ಸರ್ ಸದ್ಯಕ್ಕೆ ಬೇಡ. ದಯವಿಟ್ಟು ಮೊದಲು ಒಂದು ಡಿಜಿಟಲ್ ತೂಕದ ಮೆಷಿನ್ ತಗೊಳ್ಳಿ, ಒಂದು ಗ್ರಾಂವರೆಗೆ ತೋರ್ಸೋದು ಸಾಕು, 5 ಕೆಜಿ ತಡೆದ್ರೆ ಸಾಕು. ನಿಮ್ಮ "ಒಂದ್ಸಲ ಹತ್ತಿ ಒಂದ್ಸಲ ಇಟ್ಟಿಗೆ" ಓದಿದ ತಕ್ಷಣ ನಂಗೆ ಅನ್ಸಿದ್ದು ಕಪ್ ಅಳತೆ. ಮೈದಾನ ಚಮಚದಲ್ಲಿ ಹಗುರವಾಗಿ ಕಪ್‌ಗೆ ಉದುರಿಸಿ ಚಾಕು ಬೆನ್ನಿಂದ ಸಮ ಮಾಡಿದ್ರೆ ಸುಮಾರು 120-125 ಗ್ರಾಂ ಬರುತ್ತೆ, ಅದೇ ಕಪ್ಪನ್ನ ಸೀದಾ ಡಬ್ಬಿಗೆ ಅದ್ದಿ ಒತ್ತಿ ತೆಗೆದ್ರೆ 150 ಗ್ರಾಂ ದಾಟುತ್ತೆ. ಎರಡು ಕಪ್ ಮೈದಾ ಇರೋ ಕೇಕ್‌ನಲ್ಲಿ ಅಲ್ಲಿಗೆ 50-60 ಗ್ರಾಂ, ಅಂದ್ರೆ ಹತ್ರ ಹತ್ರ ಅರ್ಧ ಕಪ್ ಮೈದಾ ನಿಮಗೆ ಗೊತ್ತಿಲ್ಲದೆ ಜಾಸ್ತಿ ಬಿದ್ದಿರುತ್ತೆ. ಇಟ್ಟಿಗೆ ಆಗ್ದೆ ಇನ್ನೇನಾಗುತ್ತೆ ಹೇಳಿ. ಸಾಲದ್ದಕ್ಕೆ ಕಪ್ಪೂ ಎಲ್ಲಾ ಕಡೆ ಒಂದೇ ಅಲ್ಲ, ಅಮೆರಿಕದ ಕಪ್ ಸುಮಾರು 237 ಮಿಲಿ, ಮೆಟ್ರಿಕ್ ಕಪ್ 250 ಮಿಲಿ.

ತೂಕದ ಮೆಷಿನ್ ಬಂದ್ರೆ ಪಾತ್ರೆ ತೊಳೆಯೋದೂ ಕಮ್ಮಿ. ಬೋಗುಣಿ ಇಟ್ಟು ಸೊನ್ನೆಗೆ ತರೋ ಬಟನ್ ಒತ್ತಿ, ಮೈದಾ ಹಾಕಿ, ಮತ್ತೆ ಸೊನ್ನೆ, ಸಕ್ಕರೆ, ಮತ್ತೆ ಸೊನ್ನೆ, ಎಣ್ಣೆ, ಹೀಗೆ ಒಂದೇ ಬೋಗುಣೀಲಿ ಮುಗಿಯುತ್ತೆ. ಅರ್ಧ ರೆಸಿಪಿ ಮಾಡೋವಾಗ ಒಂದೂವರೆ ಮೊಟ್ಟೆ ಅಂತ ಬಂದ್ರೂ ತಲೆ ಕೆಡ್ಸ್ಕೋಬೇಡಿ, ಸಿಪ್ಪೆ ಬಿಟ್ಟು ಒಂದು ದೊಡ್ಡ ಮೊಟ್ಟೆ ಸುಮಾರು 50 ಗ್ರಾಂ ಇರುತ್ತೆ, ಒಡೆದು ಕಲಸಿ 25 ಗ್ರಾಂ ಸುರೀರಿ. ಒಂದೇ ಒಂದು ಕಡೆ ಹುಷಾರು: ಸೋಡಾ, ಬೇಕಿಂಗ್ ಪೌಡರ್, ಯೀಸ್ಟ್, ಉಪ್ಪು ಇಂಥವು ಎರಡು ಮೂರು ಗ್ರಾಂ ಅಷ್ಟೇ ಇರೋದ್ರಿಂದ ಇಂಥ ಮೆಷಿನ್ನು ಸರಿಯಾಗಿ ಹಿಡಿಯಲ್ಲ, ಅವಕ್ಕೆ ಅಳತೆ ಚಮಚಾನೇ ಸರಿ. 5 ಮಿಲಿ ಟೀ ಚಮಚ ತುಂಬಿ ಮೇಲೆ ಚಾಕು ಬೆನ್ನು ಎಳೆದುಬಿಡಿ, ಗೋಪುರ ಮಾಡಿ ಹಾಕ್ಬೇಡಿ.

ಕಂದು ಸಕ್ಕರೆ:
ತಕ್ಕಡಿ ಅವ್ರು ಹೇಳಿದ್ದು ನಿಜ, ಆದ್ರೆ ಅದು ಅರ್ಧ ಅಷ್ಟೇ. ಮೇಲೆ ಬೇಗ ಕಂದಾಗೋದು, ಗುಡ್ಡ, ಬಿರುಕು, ಒಳಗೆ ಹಸಿ, ಈ ನಾಲ್ಕೂ ಒಟ್ಟಿಗೆ ಬಂದ್ರೆ ಓವನ್ ಜಾಸ್ತಿ ಬಿಸಿ ಇದೆ ಅಂತ ನಾನು ಅನ್ಕೊಳ್ತೀನಿ. ಏನಾಗುತ್ತೆ ಅಂದ್ರೆ ಅಂಚು, ಮೇಲ್ಭಾಗ ಬೇಗ ಬೆಂದು ಗಟ್ಟಿ ಆಗಿಬಿಡುತ್ತೆ, ಮಧ್ಯದ ಹಿಟ್ಟು ಇನ್ನೂ ನೀರ್ ನೀರಾಗೇ ಇದ್ದು ಆಮೇಲೆ ಉಬ್ಬೋಕೆ ಹೋಗಿ ಮೇಲಿನ ಗಟ್ಟಿ ಪದರ ಸೀಳ್ಕೊಂಡು ಏಳುತ್ತೆ, ಬಣ್ಣ ನೋಡಿ ನೀವು ಬೇಗ ತೆಗೀತೀರ, ಬೇಯದೇ ಇರೋ ಮಧ್ಯಕ್ಕೆ ತನ್ನ ಭಾರ ತಾನೇ ಹೊತ್ಕೊಳ್ಳೋ ಶಕ್ತಿ ಇಲ್ದೆ ಕುಸಿಯುತ್ತೆ. ಕಪ್ಪು ಟಿನ್ ಬೇರೆ! ಕಪ್ಪು ಲೋಹ ಶಾಖ ಜಾಸ್ತಿ ಹೀರುತ್ತೆ, ರೆಸಿಪೀಲಿ ಹೇಳಿದ್ದಕ್ಕಿಂತ 10-15 ಡಿಗ್ರಿ ಇಳಿಸಿ. ಫ್ಯಾನ್ ಆನ್ ಮಾಡಿ ಬೇಯಿಸ್ತಿದ್ರೆ ಅದಕ್ಕೊಂದು 20 ಡಿಗ್ರಿ ಇಳಿಸ್ಬೇಕು, ರೆಸಿಪಿ ಫ್ಯಾನ್ ಇಲ್ದೇ ಇರೋ ಓವನ್‌ಗೆ ಬರೆದಿದ್ರೆ.

ಓವನ್ ಡಯಲ್ ಮೇಲಿರೋ ನಂಬರ್ ನಂಬ್ಬೇಡಿ. ಥರ್ಮಾಮೀಟರ್ ತಗೊಳ್ಳೋಕೆ ಮುಂಚೆ ಸಕ್ಕರೆಯಲ್ಲೇ ಒಂದು ಪರೀಕ್ಷೆ ಮಾಡ್ಬೋದು. ಬಿಳಿ ಸಕ್ಕರೆ ಕರಗೋದು 186 ಡಿಗ್ರಿ ಆಸುಪಾಸು. ಫಾಯಿಲ್‌ನಲ್ಲಿ ಪುಟ್ಟ ಬಟ್ಟಲು ಮಾಡಿ ಒಂದು ಚಮಚ ಸಕ್ಕರೆ ಹಾಕಿ, ಓವನ್ 175ಕ್ಕೆ ಇಟ್ಟು ಚೆನ್ನಾಗಿ ಕಾಯ್ಲಿ, ಟಿನ್ ಇಡೋ ಜಾಗದಲ್ಲೇ ಬಟ್ಟಲು ಇಟ್ಟು 15 ನಿಮಿಷಕ್ಕೆ ತೆಗೆದು ನೋಡಿ. ಸಕ್ಕರೆ ಹರಳು ಹರಳಾಗೇ ಇದ್ರೆ ಸರಿ, ಕರಗಿದ್ರೆ ಓವನ್ ಜಾಸ್ತಿ ಬಿಸಿ. ಆಮೇಲೆ ಹೊಸ ಸಕ್ಕರೆ ಹಾಕಿ 190ರಲ್ಲಿ ಇಡಿ, ಈಗ 15 ನಿಮಿಷದಲ್ಲಿ ಕರಗ್ಬೇಕು, ಕರಗ್ಲಿಲ್ಲ ಅಂದ್ರೆ ಓವನ್ ತಣ್ಣಗಿದೆ. ಹದಿನೈದು ನಿಮಿಷಕ್ಕಿಂತ ಜಾಸ್ತಿ ಬಿಡ್ಬೇಡಿ, ತುಂಬಾ ಹೊತ್ತು ಬಿಟ್ರೆ ಕಮ್ಮಿ ಶಾಖದಲ್ಲೂ ಸಕ್ಕರೆ ಕರಗೋಕೆ ಶುರುವಾಗುತ್ತೆ. ಕರಗಿದ ಸಕ್ಕರೆ ಕೈಗೆ ತಾಗಿದ್ರೆ ಅಂಟ್ಕೊಂಡು ಸುಡುತ್ತೆ, ಬಟ್ಟಲನ್ನ ಟ್ರೇ ಮೇಲಿಟ್ಟೇ ಒಳಗಿಡಿ, ಹೊರಗೆ ತೆಗೀರಿ.

ಬೆಣ್ಣೆಮುದ್ದೆ:
ತೂಕ ಇಲ್ದೇನೂ ಆಗುತ್ತೆ ಅಂತ ನನ್ನ ಅನಿಸಿಕೆ. ನಾನು ಹತ್ತು ವರ್ಷದಿಂದ ಕಪ್‌ನಲ್ಲೇ ಮಾಡ್ತಿದೀನಿ, ಮೈದಾನ ಮೊದ್ಲು ಫೋರ್ಕಲ್ಲಿ ಕೆದಕಿ ಹಗುರ ಮಾಡ್ಕೊಂಡು ಚಮಚದಲ್ಲಿ ತುಂಬ್ತೀನಿ, ಪ್ರತಿ ಸಲಾನೂ ಹಾಗೇ. ಕೈಗೆ ಒಂದು ರೂಢಿ ಬಂದ್ರೆ ಕಪ್ಪೂ ಮೋಸ ಮಾಡಲ್ಲ.

ನೀವು ಬೇಕಿಂಗ್ ಪೌಡರ್ ಯಾವಾಗ ತಂದಿದ್ದು? ಅದನ್ನೂ ನೋಡಿ. ಅರ್ಧ ಚಮಚ ಪೌಡರ್‌ಗೆ ಬಿಸಿ ನೀರು ಹಾಕಿದ್ರೆ ಭರ್ರ್ ಅಂತ ನೊರೆ ಬರ್ಬೇಕು. ಸೋಡಾಗೆ ಬಿಸಿ ನೀರಲ್ಲ, ವಿನೆಗರ್ ಇಲ್ಲ ನಿಂಬೆರಸ ಹಾಕಿ ನೋಡಿ. ಒಂದರ ಬದಲು ಇನ್ನೊಂದು ಅಷ್ಟೇ ಅಳತೇಲಿ ಹಾಕ್ಬೇಡಿ, ಸೋಡಾ ಪೌಡರ್‌ಗಿಂತ ಮೂರು ನಾಲ್ಕು ಪಟ್ಟು ಜೋರು, ಜಾಸ್ತಿ ಆದ್ರೆ ಕೇಕ್ ಸೋಪಿನ ರುಚಿ ಬರುತ್ತೆ, ಬೇಗ ಉಬ್ಬಿ ಕುಸಿಯೋದೂ ಉಂಟು.

ತಕ್ಕಡಿ:
@ಬೆಣ್ಣೆಮುದ್ದೆ ನಿಮ್ಮ ಕೈಗೆ ಹತ್ತು ವರ್ಷದ ರೂಢಿ ಇದೆ, ಅವ್ರದ್ದು ಮೂರು ತಿಂಗಳು. ಕಲಿಯೋವಾಗ ತಪ್ಪು ಎಲ್ಲಾಗ್ತಿದೆ ಅಂತ ಗೊತ್ತಾಗ್ಬೇಕಾದ್ರೆ ಒಂದಾದ್ರೂ ಅಳತೆ ಅಲ್ಲಾಡದೆ ನಿಂತಿರ್ಬೇಕು, ಅದಕ್ಕೇ ತೂಕ ಅಂದಿದ್ದು. ನೊರೆ ಪರೀಕ್ಷೆ ಹೇಳಿದ್ದು ಒಳ್ಳೇದಾಯ್ತು, ನಾನು ಮರ್ತಿದ್ದೆ.

ಅವಸರದ ಅಡುಗೆ:
ಬೇಕಿಂಗ್ ಬಗ್ಗೆ ಎಲ್ಲರೂ ಹೇಳಿದಾರೆ, ನಾನು ಅರ್ಧ ಗಂಟೆ ಊಟದ ಬಗ್ಗೆ ಹೇಳ್ತೀನಿ, ಯಾಕಂದ್ರೆ ನನ್ನ ದಿನಾ ಪಾಡು ಅದೇ. ಒಂದು ಒಳ್ಳೆ ಚಾಕು, ಅಗಲವಾದ ಮಣೆ, ಅಂಚಿರೋ ಒಂದು ಟ್ರೇ, ಮುಚ್ಚಳ ಇರೋ ಅಗಲ ಬಾಣಲೆ, ಇಷ್ಟಿದ್ರೆ ಸಾಕು ರೀ. ಬೆಳ್ಳುಳ್ಳಿ ಜಜ್ಜೋದು, ಮೊಟ್ಟೆ ಸ್ಲೈಸ್ ಮಾಡೋದು, ಈರುಳ್ಳಿ ಹೆಚ್ಚೋದು ಅಂತ ಒಂದೊಂದಕ್ಕೂ ಒಂದೊಂದು ಸಾಮಾನು ಬರುತ್ತಲ್ಲ, ಅವನ್ನ ತೊಳೆಯೋ ಹೊತ್ತಿಗೆ ಚಾಕೂಲಿ ಎರಡು ಸಲ ಹೆಚ್ಚಿ ಮುಗಿಸ್ಬೋದು.

ಮಣೆ ಕೆಳಗೆ ಒದ್ದೆ ಬಟ್ಟೆ ಹಿಂಡಿ ಹಾಸಿ, ಜಾರಲ್ಲ. ಇದೊಂದು ಮಾಡಿದ್ರೆ ಹೆಚ್ಚೋ ವೇಗಾನೇ ಬೇರೆ, ಯಾಕಂದ್ರೆ ಮಣೆ ಅಲ್ಲಾಡ್ತಿದ್ರೆ ಕೈ ತಾನಾಗೇ ಹೆದ್ರಿ ನಿಧಾನ ಆಗುತ್ತೆ. ಕ್ಯಾರೆಟ್, ಆಲೂಗಡ್ಡೆ ಥರ ಉರುಳೋ ತರಕಾರಿಗೆ ಮೊದ್ಲು ಒಂದು ಕಡೆ ತೆಳ್ಳಗೆ ಸೀಳಿ ಆ ಚಪ್ಪಟೆ ಭಾಗ ಕೆಳಗೆ ಬರೋ ಹಾಗೆ ಇಟ್ಕೊಂಡು ಹೆಚ್ಚಿ. ಚಾಕು ಹರಿತ ಇರ್ಲಿ, ಮೊಂಡು ಚಾಕೂಗೆ ಜೋರು ಹಾಕ್ತೀವಿ, ಟೊಮೇಟೊ ಸಿಪ್ಪೆ ಮೇಲೆ ಜಾರಿ ಸೀದಾ ಬೆರಳಿಗೆ ಬರುತ್ತೆ, ನಂಗೆ ಹಾಗೇ ಆಗಿ ಮೂರು ಹೊಲಿಗೆ ಹಾಕಿಸ್ಕೊಂಡಿದೀನಿ.

ಟ್ರೇ ಊಟ ಹೇಗೆ ಅಂದ್ರೆ, ಬಂದ ತಕ್ಷಣ ಓವನ್ 220ಕ್ಕೆ ಹಾಕಿಬಿಡಿ, ಖಾಲಿ ಟ್ರೇನೂ ಒಳಗೇ ಇರ್ಲಿ. ಅದು ಕಾಯೋವರೆಗೆ ತರಕಾರಿ ಎರಡು ಸೆಂಟಿಮೀಟರ್ ತುಂಡು ಮಾಡಿ, ಬಟ್ಟೇಲಿ ಒರಸಿ, ಎಣ್ಣೆ ಉಪ್ಪು ಹಾಕಿ ಕಲಸಿ, ಬಿಸಿ ಟ್ರೇ ಮೇಲೆ ಸುರಿದ್ರೆ ಚುಂಯ್ ಅನ್ಬೇಕು. ಒಂದೇ ಪದರ, ತುಂಡು ತುಂಡಿನ ಮಧ್ಯ ಜಾಗ ಇರ್ಲಿ, ಒತ್ತೊತ್ತಾಗಿ ತುಂಬಿದ್ರೆ ತರಕಾರಿಯಿಂದ ಬರೋ ಹಬೆ ಹೊರಗೆ ಹೋಗೋಕಾಗ್ದೆ ಅಲ್ಲೇ ಬೆಂದು ಮೆತ್ತಗಾಗುತ್ತೆ, ಕಂದು ಬಣ್ಣ ಬರಲ್ಲ. 25 ನಿಮಿಷ ಸಾಕು, ಮಧ್ಯದಲ್ಲಿ ಒಂದ್ಸಲ ತಿರುವಿ. ಆ ಹೊತ್ತಲ್ಲಿ ಒಲೆ ಮೇಲೆ ಮೊಟ್ಟೆ ಬೇಯಿಸ್ಕೊಳ್ಳಿ, ಇಲ್ಲ ಕೆಟಲ್‌ನಲ್ಲಿ ನೀರು ಕಾಯಿಸಿ ಪಾಸ್ತಾ ಪಾತ್ರೆಗೆ ಸುರೀರಿ, ತಣ್ಣೀರು ಕುದಿಯೋಕೆ ಕಾಯೋ ಸಮಯ ಪೂರ್ತಿ ಉಳಿಯುತ್ತೆ.

ಮಿಕ್ಕಿದ್ದನ್ನ ಎರಡು ಗಂಟೆ ಒಳಗೆ ಫ್ರಿಜ್‌ಗೆ ಹಾಕಿ. ಸೂಪ್, ಸಾಸ್ ಏನಾದ್ರೂ ಫ್ರೀಜರ್‌ಗೆ ಹಾಕೋದಿದ್ರೆ ಕವರ್‌ನಲ್ಲಿ ತೆಳ್ಳಗೆ ಹಲಗೆ ಥರ ಹರಡಿ ಮಲಗಿಸಿ, ಡಬ್ಬೀಲಿ ಗಡ್ಡೆ ಕಟ್ಟಿದ್ದಕ್ಕಿಂತ ಎಷ್ಟೋ ಬೇಗ ಕರಗುತ್ತೆ, ಚಿಕ್ಕ ಫ್ರೀಜರ್‌ನಲ್ಲಿ ಪುಸ್ತಕದ ಥರ ಸಾಲಾಗಿ ನಿಲ್ಲಿಸ್ಬೋದು.

ಹೊಸ ಏಪ್ರನ್:
ಎಲ್ಲರಿಗೂ ತುಂಬಾ ತುಂಬಾ ಥ್ಯಾಂಕ್ಸ್. ಇವತ್ತು ಎಲ್ಲಾ ಪರೀಕ್ಷೆ ಮಾಡ್ದೆ, ಒಂದೊಂದಾಗಿ ಹೇಳ್ತೀನಿ.

ಬೇಕಿಂಗ್ ಪೌಡರ್ ಚೆನ್ನಾಗಿದೆ, ಒಳ್ಳೆ ನೊರೆ ಬಂತು. ಸಕ್ಕರೆ ಪರೀಕ್ಷೇಲಿ 175ರಲ್ಲಿ ಇಟ್ಟು ಗಾಜಲ್ಲಿ ನೋಡ್ತಾ ನಿಂತಿದ್ದೆ, ಹತ್ತನೇ ನಿಮಿಷಕ್ಕೆ ಅಂಚಿನ ಹರಳು ಗಾಜಿನ ಥರ ಹೊಳೆಯೋಕೆ ಶುರುವಾಯ್ತು, ಹದಿನೈದಕ್ಕೆ ಪೂರ್ತಿ ಕರಗಿ ಜೇನಿನ ಬಣ್ಣಕ್ಕೆ ಬಂದಿತ್ತು. ತಕ್ಷಣ ಹೋಗಿ ಥರ್ಮಾಮೀಟರ್ರೂ ತೂಕದ ಮೆಷಿನ್ನೂ ಎರಡೂ ತಂದೆ. ಡಯಲ್ 180 ಅಂದ್ರೆ ಒಳಗೆ 205! ಮೂರು ತಿಂಗಳು ಪೂರ್ತಿ ಎಲ್ಲಾ ಕೇಕನ್ನೂ 25 ಡಿಗ್ರಿ ಜಾಸ್ತೀಲೇ ಬೇಯಿಸಿದೀನಿ. ಮೈದಾನೂ ತೂಗಿ ನೋಡ್ದೆ, ನಾನು ಡಬ್ಬಿಗೆ ಅದ್ದಿ ತೆಗೆಯೋ ಕಪ್ 152 ಗ್ರಾಂ ಇತ್ತು, ಎರಡನೇ ಸಲ ಅದ್ದಿದ್ರೆ 143.

ಒಂದು ಅನುಮಾನ, ಥರ್ಮಾಮೀಟರ್ ಮುಳ್ಳು 190ರಿಂದ 215ವರೆಗೂ ಓಡಾಡ್ತಿರುತ್ತೆ, ಯಾವುದನ್ನ ನಂಬ್ಲಿ? ಇನ್ನೊಂದು, ಈಗ ಅರ್ಧ ಅಳತೆ ಮಾಡಿ ಅಭ್ಯಾಸ ಮಾಡೋಣ ಅಂತ, 8 ಇಂಚಿನ ಟಿನ್‌ನಲ್ಲೇ ಹಾಕ್ಲಾ?

ಕಂದು ಸಕ್ಕರೆ:
ಹೊಳೆಯೋಕೆ ಶುರುವಾಗಿದ್ದನ್ನ ನಿಂತು ನೋಡಿದ್ರಲ್ಲ, ಖುಷಿ ಆಯ್ತು. ಮುಳ್ಳು ಓಡಾಡೋದು ಸಹಜ, ಒಳಗಿನ ಕಾಯಿಲ್ ಆನ್ ಆಫ್ ಆಗ್ತಾ ಇರುತ್ತೆ. ಅರ್ಧ ಗಂಟೆ ಬಿಟ್ಟು ಐದೈದು ನಿಮಿಷಕ್ಕೊಂದ್ಸಲ ಗಾಜಿನ ಹೊರಗಿಂದಾನೇ ನೋಡಿ ಬರ್ಕೊಳ್ಳಿ, ಸರಾಸರಿ ತಗೊಳ್ಳಿ. ಬಾಗಿಲು ತೆಗೆದು ನೋಡಿದ್ರೆ ಬಿಸಿಗಾಳಿ ಎಲ್ಲಾ ಹೋಗಿ ನಂಬರ್ ತಪ್ಪಾಗಿ ಬರುತ್ತೆ. ನಿಮ್ಮ ಓವನ್‌ಗೆ ಡಯಲ್ 155ರ ಹತ್ರ ಇಟ್ಟು ನೋಡಿ, ಒಳಗೆ 180 ಬರ್ಬೋದು, ಅದನ್ನೂ ಥರ್ಮಾಮೀಟರ್‌ನಲ್ಲೇ ಖಾತ್ರಿ ಮಾಡ್ಕೊಳ್ಳಿ, ಎಲ್ಲಾ ಶಾಖದಲ್ಲೂ ವ್ಯತ್ಯಾಸ ಒಂದೇ ಇರುತ್ತೆ ಅಂತಿಲ್ಲ. ಸಿಕ್ಕಿದ ನಂಬರ್‌ನ ಚೀಟಿ ಬರ್ದು ಓವನ್ ಪಕ್ಕ ಅಂಟಿಸಿ.

ತಕ್ಕಡಿ:
ಅರ್ಧ ಅಳತೆಗೆ 8 ಇಂಚು ಬೇಡ, ತೆಳ್ಳಗಾಗಿ ಒಣಗಿಹೋಗುತ್ತೆ. ಟಿನ್ ಅಗಲ ನೋಡಿ ಮೋಸ ಹೋಗ್ಬಾರ್ದು, ವಿಸ್ತೀರ್ಣ ನೋಡ್ಬೇಕು. 8 ಇಂಚಿನ ದುಂಡು ಟಿನ್ ಸುಮಾರು 50 ಚದರ ಇಂಚು, 6 ಇಂಚಿಂದು ಸುಮಾರು 28, ಅಂದ್ರೆ ಅರ್ಧಕ್ಕಿಂತ ಒಂಚೂರು ಜಾಸ್ತಿ. ಹಾಗಾಗಿ 8 ಇಂಚಿನ ರೆಸಿಪೀನ ಅರ್ಧ ಮಾಡಿ 6 ಇಂಚಿಂದಕ್ಕೆ ಹಾಕಿ, ಸರಿಯಾಗಿ ಕೂರುತ್ತೆ. ಟಿನ್ ತಗೊಳ್ಳೋದಾದ್ರೆ ಈ ಸಲ ಬಿಳಿ ಅಲ್ಯೂಮಿನಿಯಂದು ತಗೊಳ್ಳಿ.

ಹೊಸ ಏಪ್ರನ್:
6 ಇಂಚಿನ ಅಲ್ಯೂಮಿನಿಯಂ ಟಿನ್ ತಂದು ಅರ್ಧ ಅಳತೆ ಮಾಡ್ದೆ, ಎಲ್ಲಾ ತೂಗಿ, ಡಯಲ್ 155. ಮೇಲ್ಭಾಗ ಸಮವಾಗಿ ಬಂತು, ಬಿರುಕಿಲ್ಲ, ಕಡ್ಡಿ ಚುಚ್ಚಿದ್ರೆ ಒಂದೆರಡು ಒಣ ತುಣುಕು ಅಷ್ಟೇ ಅಂಟಿದ್ದು. ನಮ್ಮಮ್ಮ ಎರಡು ತುಂಡು ತಿಂದ್ರು! ಒಂದೇ ಬೇಜಾರು, ಪೂರ್ತಿ ತಣ್ಣಗಾಗ್ಲಿ ಅಂತ ಟಿನ್‌ನಲ್ಲೇ ಬಿಟ್ಟಿದ್ದೆ, ಆಮೇಲೆ ಕವುಚಿದ್ರೆ ತಳ ಒದ್ದೆ ಒದ್ದೆ, ಒಂದು ಕಡೆ ಅಂಟ್ಕೊಂಡು ಕಿತ್ತು ಬಂತು. ಎಣ್ಣೆ ಚೆನ್ನಾಗೇ ಸವರಿದ್ದೆ.

ಬೆಣ್ಣೆಮುದ್ದೆ:
ಹತ್ತು ನಿಮಿಷ ಟಿನ್‌ನಲ್ಲಿ, ಆಮೇಲೆ ತಂತಿ ಸ್ಟ್ಯಾಂಡ್ ಮೇಲೆ. ಬಿಸಿ ಕೇಕ್‌ನಿಂದ ಹಬೆ ಬರ್ತಾನೇ ಇರುತ್ತೆ, ಕೆಳಗಿಂದ ಹೋಗೋಕೆ ದಾರಿ ಇಲ್ದಿದ್ರೆ ನೀರಾಗಿ ತಳಕ್ಕೇ ಇಳಿಯುತ್ತೆ. ಸ್ಟ್ಯಾಂಡ್ ಇಲ್ಲ ಅಂದ್ರೆ ಓವನ್ ಒಳಗಿನ ಜಾಲರೀನೇ ತಣ್ಣಗಾದ್ಮೇಲೆ ತೆಗೆದು ಎರಡು ಬಟ್ಟಲ ಮೇಲಿಟ್ರೆ ಆಯ್ತು.

ತಳಕ್ಕೆ ಎಣ್ಣೆ ಜೊತೆ ಬೇಕಿಂಗ್ ಪೇಪರ್ ಹಾಕಿ. ಮೇಣದ ಪೇಪರ್ ಅಲ್ಲ, ಅದು ಓವನ್‌ನಲ್ಲಿ ಹೊಗೆ ಬರುತ್ತೆ. ದುಂಡಗೆ ಕತ್ತರಿಸೋಕೆ ಪೆನ್ಸಿಲ್ ಬೇಡ, ಚೌಕದ ಪೇಪರ್ ನಾಲ್ಕು ಮಡಿಕೆ ಮಾಡಿ, ಮಡಿಸಿದ ಮೂಲೆ ಚೂಪಾಗಿರೋ ಹಾಗೆ ಮತ್ತೆ ತ್ರಿಕೋನ, ಇನ್ನೊಂದ್ಸಲ ತ್ರಿಕೋನ. ಟಿನ್ ಬೋರಲು ಹಾಕಿ ಆ ಚೂಪು ತುದೀನ ತಳದ ನಟ್ಟನಡುವೆ ಇಟ್ಟು, ಅಂಚು ಎಲ್ಲಿ ಬರುತ್ತೋ ಅಲ್ಲಿ ಕತ್ತರೀಲಿ ಸ್ವಲ್ಪ ಬಾಗಿಸಿ ಕತ್ತರಿಸಿ. ಬಿಚ್ಚಿದ್ರೆ ಸರಿಯಾಗಿ ತಳಕ್ಕೆ ಕೂರುತ್ತೆ. ಒಂದೇ ಸಲ ಆರೇಳು ಕತ್ತರಿಸಿ ಟಿನ್ ಒಳಗೇ ಇಟ್ಬಿಡಿ, ಮುಂದಿನ ಸಲ ಹುಡುಕೋ ಕೆಲ್ಸ ಇರಲ್ಲ.