ಕೊಚ್ಚಿಯಲ್ಲಿ ಪಾಪುವಿನ ಹಾರ್ಟ್ ಆಪರೇಷನ್, ಕೈಯಲ್ಲಿ ಬಾಣಂತಿ. ಹೇಗೆ ಸುಧಾರಿಸುವುದು?

ಪೆರ್ಲದವ:
ಆಸ್ಪತ್ರೆ ವರಾಂಡದಲ್ಲಿ ಕೂತು ಬರೆಯುತ್ತಿದ್ದೇನೆ, ತಪ್ಪಿದ್ದರೆ ಕ್ಷಮಿಸಿ. ಮಗುವಿಗೆ ಇವತ್ತು ಒಂಬತ್ತು ದಿನ. ಹುಟ್ಟುವಾಗ ಮೂರು ಕಿಲೋ, ಅಳುವೂ ಜೋರು. ಮಾರನೇ ದಿನ ತುಟಿ ನೀಲಿ ಕಂಡಿತು. ಕೇಳಿದರೆ "ಚಳಿಗೆ ಹಾಗಾಗ್ತದೆ, ಬಟ್ಟೆ ಸುತ್ತಿ" ಅಂದರು. ರಾತ್ರಿ ಪಾಳಿಯ ನರ್ಸ್ ಒಬ್ಬರು ಸುಮ್ನೆ ಇರದೆ ಕಾಲಿಗೆ ಆಕ್ಸಿಜನ್ ನೋಡುವ ಕ್ಲಿಪ್ ಹಾಕಿದ್ದರಿಂದ ವಿಷಯ ಗೊತ್ತಾಯಿತು. ಹೃದಯದಿಂದ ಹೊರಡುವ ಎರಡು ದೊಡ್ಡ ರಕ್ತನಾಳಗಳು ಅದಲುಬದಲು ಆಗಿವೆ, ಟಿಜಿಎ ಅಂತ. ಮಕ್ಕಳ ಹೃದಯ ಚಿಕಿತ್ಸೆಗೆ ಇರುವ ಕೇರಳ ಸರ್ಕಾರದ ಹೃದ್ಯಂ ಯೋಜನೆಯಲ್ಲಿ ಹೆಸರು ಹಾಕಿಸಿ ಆಂಬುಲೆನ್ಸಿನಲ್ಲಿ ಇಲ್ಲಿಗೆ ಬಂದೆವು. ಈಗ ಐಸಿಯುನಲ್ಲಿ ಡ್ರಿಪ್ ಹೋಗುತ್ತಿದೆ. ಈ ವಾರವೇ ಆಪರೇಷನ್ ಅಂದಿದ್ದಾರೆ.

ನನ್ನ ಪ್ರಶ್ನೆ ಡಾಕ್ಟರ ಕೆಲಸದ್ದಲ್ಲ. ಹೆಂಡತಿಗೆ ಸಿಸೇರಿಯನ್ ಆಗಿದೆ. ಮನೆಯಲ್ಲಿ ಎಣ್ಣೆ ಹಚ್ಚಿಸಿಕೊಂಡು ಬಿಸಿನೀರು ಮೀಯಬೇಕಾದವಳು ಇಲ್ಲಿ ಸ್ಟೀಲ್ ಕುರ್ಚಿಯಲ್ಲಿ ಕೂತಿದ್ದಾಳೆ. ರೂಮಿಗೆ ಹೋಗಿ ಮಲಗು ಅಂದರೆ ಕೇಳುವುದಿಲ್ಲ. ನಾಲ್ಕು ವರ್ಷದ ದೊಡ್ಡವಳು ಊರಲ್ಲಿ ಅಜ್ಜಿ ಹತ್ತಿರ ಇದ್ದಾಳೆ, ಫೋನಿನಲ್ಲಿ "ಪಾಪು ಎಲ್ಲಿ" ಅಂತ ಒಂದೇ ಸಮನೆ ಕೇಳುತ್ತಾಳೆ. ಅತ್ತೆಯನ್ನು ಇಲ್ಲಿಗೆ ಕರೆಸಬೇಕಾ? ಅವರಿಗೆ ತುಳು, ಕನ್ನಡ ಬಿಟ್ಟರೆ ಬೇರೆ ಬಾರದು. ಹೀಗೆ ಇದ್ದು ಬಂದವರು ಯಾರಾದರೂ ಇದ್ದೀರಾ?

ಕುಂಬ್ಳೆ ಅಕ್ಕ:
ಇದ್ದೇನೆ ತಮ್ಮಾ. ನನ್ನ ಮಗನಿಗೂ ಇದೇ ಆಪರೇಷನ್ ಆಗಿದೆ, ಈಗ ಒಂದನೇ ಕ್ಲಾಸು, ಗೇರುಮರ ಹತ್ತಬೇಡ ಅಂತ ಬೈಯುವುದೇ ನನಗೆ ಕೆಲಸ.

ಮೊದಲು ಹಾಲಿನ ವಿಷಯ. ಅವಳು ಕುರ್ಚಿ ಬಿಟ್ಟು ಏಳದಿರುವುದು ಯಾಕೆ ಅಂತ ನನಗೆ ಗೊತ್ತು, ತಾಯಿ ಅಂತ ಮಾಡಲು ಅಲ್ಲಿ ಬೇರೆ ಏನೂ ಇರುವುದಿಲ್ಲ ನೋಡಿ. ಮಗುವನ್ನು ಎತ್ತುವ ಹಾಗಿಲ್ಲ, ವೈರುಗಳ ನಡುವೆ ಒಂದು ಬೆರಳು ಹಿಡಿಯಬಹುದು, ಅಷ್ಟೇ. ಪಂಪು ಕೊಡಿಸಿ, ಎರಡು ಮೂರು ಗಂಟೆಗೊಮ್ಮೆ ಹಾಲು ತೆಗೆಯಲಿ, ರಾತ್ರಿಯೂ ಒಂದು ಸಲ ಏಳಲಿ. ಹೇಗೆ ತೆಗೆದಿಡುವುದು, ಎಷ್ಟು ಹೊತ್ತು ಇಡಬಹುದು ಅಂತ ಅಲ್ಲಿಯ ನರ್ಸ್ ಹತ್ತಿರವೇ ಕೇಳಿ. ಈಗ ಮಗು ಕುಡಿಯದಿದ್ದರೂ ಆಮೇಲೆ ಮೂಗಿನ ನಳಿಕೆಯಲ್ಲಿ ಕೊಡುತ್ತಾರೆ. ನನಗೆ ಮೊದಲ ದಿನ ಬಾಟಲಿಯ ತಳ ಒದ್ದೆಯಾಗುವಷ್ಟೇ ಬಂದಿತ್ತು, ಬಚ್ಚಲಲ್ಲಿ ನಿಂತು ಅತ್ತಿದ್ದೆ. ಬಾಟಲಿಗೆ ಹೆಸರು, ಗಂಟೆ ಬರೆದು ಕೊಡುವಾಗ ಮಾತ್ರ ನಾನೂ ಅವನ ಅಮ್ಮ ಅಂತ ಅನಿಸುತ್ತಿತ್ತು.

ಇನ್ನೊಂದು. ಆಪರೇಷನ್ ಆದ ಕೂಡಲೇ ನೋಡಲು ಬಿಟ್ಟರೆ ಮೊದಲು ನೀನು ಹೋಗು, ಆಮೇಲೆ ಅವಳು. ಮೈ ಊದಿರುತ್ತದೆ. ಕೆಲವು ಮಕ್ಕಳಿಗೆ ಊತ ಇಳಿಯುವ ತನಕ ಎದೆ ಹೊಲಿಯದೆ, ಮೇಲೆ ಹೊದಿಕೆಯಂತೆ ಮುಚ್ಚಿ ಒಂದೆರಡು ದಿನ ಬಿಡುತ್ತಾರೆ. ನನಗೆ ಯಾರೂ ಹೇಳಿರಲಿಲ್ಲ. ಬಾಗಿಲಲ್ಲೇ ಕುಸಿದೆ.

ಮಂಜೇಶ್ವರದ ಮಾವ:
ಅತ್ತೆಯವರನ್ನು ಕರೆಸಬೇಡಿ ಮಾರಾಯ್ರೆ. ದೊಡ್ಡ ಮಗಳಿಗೂ ಒಬ್ಬರು ಬೇಡವಾ? ಇಬ್ಬರೂ ದೊಡ್ಡವರು ಒಟ್ಟಿಗೆ ಕಾಣೆಯಾದದ್ದೇ ಆ ಮಗುವಿಗೆ ಸಾಕಷ್ಟಾಗಿದೆ, ಅಜ್ಜಿಯೂ ಹೋದರೆ ಮುಗೀತು. ಆಪರೇಷನ್ ಖರ್ಚು ಯೋಜನೆಯಲ್ಲಿ ಹೋದರೂ ರೂಮು, ಊಟ, ರೈಲು ಅಂತ ಕೈಯಿಂದ ಜಾಸ್ತಿಯೇ ಹೋಗುತ್ತದೆ. ಒಬ್ಬರು ಹೆಚ್ಚಾದರೆ ಅದೂ ಸೇರಿತು. ಜನನ ಪತ್ರ, ರೇಷನ್ ಕಾರ್ಡ್, ಆಧಾರ್ ಎಲ್ಲದರ ನಾಲ್ಕು ನಾಲ್ಕು ಜೆರಾಕ್ಸ್ ಒಂದು ಚೀಲದಲ್ಲಿಡಿ, ಅಲ್ಲಿ ಹೊತ್ತಲ್ಲದ ಹೊತ್ತಿಗೆ ಕೇಳುತ್ತಾರೆ.

ಕುಂಬ್ಳೆ ಅಕ್ಕ:
ಮಾವ, ಗಂಡಸರಿಗೆ ಹೊಲಿಗೆ ನೋವು ಗೊತ್ತಿಲ್ಲ ಬಿಡಿ. ಬಾಣಂತಿಗೆ ಹೆತ್ತಮ್ಮ ಬೇಕು. ಅಡುಗೆ ಮಾಡುವಂಥ ರೂಮು ಸಿಕ್ಕಿದರೆ ಅತ್ತೆ ಬರಲಿ, ಮಗಳನ್ನು ಅತ್ತಿಗೆ ನಾದಿನಿ ಯಾರಾದರೂ ನೋಡಿಕೊಳ್ಳಲಿ. ಗಂಜಿ, ಮೆಂತೆ ಹಾಕಿದ ಸಾರು ಬಿಸಿ ಬಿಸಿ ಸಿಕ್ಕಿದರೆ ಅರ್ಧ ಜೀವ ಬರುತ್ತದೆ. ಕಷಾಯ, ಲೇಹ್ಯ ಮಾತ್ರ ಡಾಕ್ಟರಲ್ಲಿ ಕೇಳದೆ ಬೇಡ.

ಭಾಷೆ ದೊಡ್ಡ ಕಷ್ಟ ಅಲ್ಲ, ಆದರೆ ಒಂದು ಕತೆ ಇದೆ. ಡಾಕ್ಟರ್ "ಕುಳಪ್ಪಮಿಲ್ಲ" ಅಂದಾಗ ನಮ್ಮ ಅಮ್ಮ ಏನೋ ಆಯಿತು ಅಂತ ಹಣೆ ಹಣೆ ಬಡಿದುಕೊಂಡರು, ತೊಂದರೆ ಇಲ್ಲ ಅಂತ ಅದರ ಅರ್ಥ ಅಂದರೂ ನಂಬಲಿಲ್ಲ. ನಮ್ಮ ಕಡೆಯ ಮಲಯಾಳವೇ ಬೇರೆ, ಅಲ್ಲಿಯದು ಓಡುತ್ತದೆ. ಡಾಕ್ಟರ್ ಹೇಳಿದ್ದನ್ನು ನೀನು ಬರೆದಿಟ್ಟು ಸಂಜೆ ಕನ್ನಡದಲ್ಲಿ ಓದಿ ಹೇಳು.

ಬದಿಯಡ್ಕ ನರ್ಸ್:
ಐಸಿಯುನಲ್ಲಿ ಕೆಲಸ ಮಾಡಿದವಳಾಗಿ ಎರಡು ಮಾತು. ಹುಟ್ಟುವ ಮೊದಲು ಎಲ್ಲ ಮಕ್ಕಳ ಹೃದಯದ ಹತ್ತಿರ ಒಂದು ದಾರಿ ತೆರೆದಿರುತ್ತದೆ, ಹುಟ್ಟಿದ ಮೇಲೆ ತಾನಾಗಿ ಮುಚ್ಚುತ್ತದೆ. ಟಿಜಿಎ ಮಗುವಿಗೆ ಅದು ಮುಚ್ಚಿದರೆ ಒಳ್ಳೆ ರಕ್ತ, ಕೆಟ್ಟ ರಕ್ತ ಬೆರೆಯುವುದು ಕಡಿಮೆಯಾಗಿ ಮೈಗೆ ಆಕ್ಸಿಜನ್ ಸಾಲುವುದಿಲ್ಲ. ಆ ಡ್ರಿಪ್ ಅದನ್ನು ತೆರೆದಿಡಲು. ಮೊದಲ ಕೆಲವು ವಾರಗಳಲ್ಲೇ ಆಪರೇಷನ್ ಅನ್ನುವುದಕ್ಕೂ ಕಾರಣ ಇದೆ, ತಡವಾದರೆ ಹೃದಯದ ಎಡಭಾಗದ ಶಕ್ತಿ ಕುಗ್ಗುತ್ತದೆ. ಮತ್ತೆ, ಮಾನಿಟರ್ ಕೂಗಿದಾಗಲೆಲ್ಲ ಓಡಬೇಡಿ. ಮಗು ಕಾಲು ಒದ್ದರೂ ಅದು ಕೂಗುತ್ತದೆ. ನರ್ಸ್ ಮುಖ ನೋಡಿ, ಅವರು ಆರಾಮವಿದ್ದರೆ ನೀವೂ ಆರಾಮ ಇರಿ.

ಪೆರ್ಲದವ:
ಎಲ್ಲರಿಗೂ ಉಪಕಾರ ಆಯಿತು. ಪಂಪು ತಂದೆ. ಅತ್ತೆ ರಾತ್ರಿ ರೈಲಿಗೆ ಹೊರಡುತ್ತಾರೆ, ಮಗಳನ್ನು ತಂಗಿ ಕರೆದುಕೊಂಡು ಹೋದಳು (ಮಾವ, ಬೇಜಾರು ಮಾಡಬೇಡಿ, ಜೆರಾಕ್ಸ್ ಮಾತ್ರ ನೀವು ಹೇಳಿದ ಹಾಗೇ ಮಾಡಿಸಿದ್ದೇನೆ). ಮಧ್ಯಾಹ್ನ ಹೆಂಡತಿ ಹತ್ತು ಎಂಎಲ್ ಹಾಲು ತೆಗೆದಳು. ಬಾಟಲಿಗೆ ಹೆಸರು ಬರೆಯಲು ಹೋದರೆ ಮಗುವಿಗೆ ನಾವಿನ್ನೂ ಹೆಸರೇ ಇಟ್ಟಿಲ್ಲ. ತನ್ನ ಹೆಸರು ಬರೆದು ಪಕ್ಕದಲ್ಲಿ "ಪಾಪು" ಅಂತ ಕನ್ನಡದಲ್ಲಿ ಬರೆದು ಕೊಟ್ಟಳು. ಈಗ ರೂಮಿನಲ್ಲಿ ಮಲಗಿದ್ದಾಳೆ.