ಅಜ್ಜನ ರೆಕಾರ್ಡ್, ನನ್ನ ಹೊಸ ಪ್ಲೇಯರ್: ಬರೀ ಕರಕರ

ಪ್ರಶ್ನೆ:
ಮೊಬೈಲಿನಲ್ಲಿ ಒಂದು ಹಾಡನ್ನೂ ಪೂರ್ತಿ ಕೇಳದ ನನ್ನ ಚಾಳಿಗೆ ಬೇಸತ್ತು ರೆಕಾರ್ಡ್ ಪ್ಲೇಯರ್ ಕೊಂಡೆ. ಗೆಳೆಯರೆಲ್ಲ ಕೊಂಡಿದ್ದಾರೆ ಎಂಬುದೂ ನಿಜ, ಮುಚ್ಚಿಡುವುದೇಕೆ? ಹೊಸ ಎಲ್‌ಪಿ (ಹೆಚ್ಚು ಹೊತ್ತು ಹಾಡುವ ರೆಕಾರ್ಡ್) ಚೆನ್ನಾಗಿ ಹಾಡುತ್ತದೆ. ಅಜ್ಜನ ಪೆಟ್ಟಿಗೆಯ ಭಾರದ ತಟ್ಟೆ ಹಾಕಿದರೆ ಮಾತ್ರ ಗಾಯಕಿ ನಿದ್ದೆಗಣ್ಣಿನಲ್ಲಿ ಗೊಣಗಿದಂತಿರುತ್ತದೆ. ಪ್ಲೇಯರ್ ಕೆಟ್ಟಿದೆಯೇ?

ಉತ್ತರ 1:
ಲೇಬಲ್ ಮೇಲೆ 78 ಎಂದಿದೆಯೇ ನೋಡಿ. ಅದು ನಿಮಿಷಕ್ಕೆ ಸುತ್ತುವ ಲೆಕ್ಕ. 1948ರಲ್ಲಿ ಬಂದ ಎಲ್‌ಪಿ 33⅓ ಸುತ್ತಿನದು.

ಪ್ರಶ್ನೆ ಕೇಳಿದವರು:
ಹೌದು, 78. ನನ್ನದರಲ್ಲಿ 33 ಮತ್ತು 45 ಮಾತ್ರ ಇವೆ.

ಉತ್ತರ 2:
ಹಾಗಾದರೆ ದಯವಿಟ್ಟು ಇನ್ನು ಹಾಕಬೇಡಿ. ವೇಗವೊಂದೇ ಅಲ್ಲ, ಮುಳ್ಳೂ ಬೇರೆ ಬೇಕು. ಹಳೆಯ ತಟ್ಟೆಯ ಗೀರು ಅಗಲ. ಎಲ್‌ಪಿಯ ಸಣ್ಣ ಮುಳ್ಳು ಅದರ ತಳದಲ್ಲಿ ಕಸ ಕೆದಕುತ್ತಾ ಓಡುತ್ತದೆ. ನಿಮಗೆ ಕೇಳಿಸುತ್ತಿರುವ ಕರಕರಕ್ಕೆ ಅದೂ ಒಂದು ಕಾರಣ. ಆ ಕಾಲದ ತಟ್ಟೆಗಳು ಹೆಚ್ಚಾಗಿ ಅರಗಿನವು. ಸ್ಪಿರಿಟ್ ಹಚ್ಚಿ ಒರೆಸಿದರೆ ಮೈಯೇ ಕರಗುತ್ತದೆ (ನಾನು ಒಂದನ್ನು ಹಾಗೆಯೇ ಕಳೆದುಕೊಂಡೆ). ಕೈಜಾರಿದರೆ ಹಂಚಿನಂತೆ ಒಡೆಯುತ್ತದೆ. ನೆಟ್ಟಗೆ ನಿಲ್ಲಿಸಿಡಿ.

ಉತ್ತರ 3:
ಇದೆಲ್ಲ ಶೋಕಿ. ಇನ್ನೆರಡು ವರ್ಷಕ್ಕೆ ಪ್ಲೇಯರ್ ಮೇಲೆ ಹೂಕುಂಡ ಇರುತ್ತದೆ.

ಪ್ರಶ್ನೆ ಕೇಳಿದವರು:
ಇರಬಹುದು. ಆದರೆ ನಿನ್ನೆ ಎಲ್‌ಪಿಯ ಒಂದು ಮಗ್ಗುಲು, ಇಪ್ಪತ್ತು ನಿಮಿಷ, ಎದ್ದು ಹೋಗದೆ ಕೇಳಿದೆ. 78ಕ್ಕೆ ಹೊಂದುವ ಮುಳ್ಳನ್ನು ನನ್ನ ಪ್ಲೇಯರಿಗೆ ಕೂರಿಸಬಹುದೇ, ಅಥವಾ ಪ್ಲೇಯರನ್ನೇ ಬದಲಿಸಬೇಕೇ?

ಉತ್ತರ 2:
78ರ ವೇಗವೇ ಇಲ್ಲದ ಮೇಲೆ ಮುಳ್ಳು ಕೂರಿಸಿ ಏನು ಪ್ರಯೋಜನ? ಮೂರೂ ವೇಗವಿರುವ ಪ್ಲೇಯರ್ ಹುಡುಕಿ.